ಹಿಟ್ಟಿನ ಪ್ಯಾಕೆಟ್ಟಿನ ಪಕ್ಕದ ಮುಖ

ನಿವೃತ್ತನಾದ ಮೇಲೆ ನನಗೆ ಬೆಳಗಿನ ಜಾವದ ನಿದ್ದೆಯಲ್ಲಿ ಅಂಗಡಿಗಳು ಬರುತ್ತವೆ. ಬೇರೆಯವರ ಕನಸಿನಲ್ಲಿ ದೇವರು ಬರುತ್ತಾನೆ, ಹಾವು ಬರುತ್ತದೆ, ಪರೀಕ್ಷೆಗೆ ತಡವಾದಂತೆ ಆಗುತ್ತದೆ. ನನಗೆ ಮಾತ್ರ ಅಂಗಡಿ. ಗುಬ್ಬಿ ಬಸ್‌ಸ್ಟ್ಯಾಂಡಿನ ಹಿಂದಿನ ಸಾಲು, ಕುಣಿಗಲ್ಲಿನಲ್ಲಿ ಕೆರೆ ಕಡೆಯಿಂದ ಬೀಸುವ ಗಾಳಿಗೆ ಅಲ್ಲಾಡುವ ಶಾಂಪೂ ಪೊಟ್ಟಣಗಳ ಸರ, ಚೇಳೂರಿನಲ್ಲಿ ಮಧ್ಯಾಹ್ನ ಅರ್ಧ ಶಟರ್ ಎಳೆದುಕೊಂಡು ತೂಕಡಿಸುವ ಅಂಗಡಿ. ಅಲ್ಲಿ ಯಾರೂ ಏನೂ ಕೊಳ್ಳುವುದಿಲ್ಲ, ಯಾರೂ ಏನೂ ಮಾರುವುದಿಲ್ಲ. ನಾನು ಸುಮ್ಮನೆ ಒಂದರಿಂದ ಇನ್ನೊಂದಕ್ಕೆ ತೇಲಿಕೊಂಡು ಹೋಗುತ್ತಿರುತ್ತೇನೆ. ಆಗ ನಾನು ನಿದ್ದೆಯಲ್ಲೇ ಮಾತಾಡುತ್ತೇನೆಂದು ನನ್ನ ಹೆಂಡತಿ ಶಾರದ ಹೇಳುತ್ತಾಳೆ. ಒಂದೇ ಮಾತಂತೆ: “ಸ್ವಲ್ಪ ಪಕ್ಕಕ್ಕೆ ಬನ್ನಿ.”

“ಇರೋದೇ ಇಷ್ಟಗಲ ಮಂಚ. ಇನ್ನೆಷ್ಟು ಪಕ್ಕಕ್ ಹೋಗ್ಲಿ, ನೆಲಕ್ ಬೀಳ್ಲಾ?” ಎಂದು ಅವಳು ಕಾಫಿ ಕೊಡುವಾಗ ರೇಗಿಸುತ್ತಾಳೆ.

ಆ ಮಾತು ನನ್ನ ನಾಲಿಗೆಗೆ ಹೇಗೆ ಅಂಟಿತು ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮಾರ್ಕೆಟಿಂಗ್ ಕೆಲಸಕ್ಕೆ ಈಗ ಸೇರುತ್ತಿರುವ ಹುಡುಗ ಹುಡುಗಿಯರು ಓದಿದರೆ ಸಂತೋಷ. ಅವರಿಗೆ ಪುರಸೊತ್ತಿಲ್ಲದೆ ಎಐ ಓದಿ ಸಾರಾಂಶ ಹೇಳಿದರೂ ನನ್ನದೇನೂ ತಕರಾರಿಲ್ಲ. ಆದರೆ ಸಾರಾಂಶದಲ್ಲಿ ರಾಗಿ ಹುರಿಯುವ ಘಮ ಬರುವುದಿಲ್ಲ, ಅಷ್ಟೇ.

ನಾನು ಕೆಲಸ ಮಾಡಿದ್ದು ತುಮಕೂರಿನ ಅಂಚಿನ ಸತ್ಯಮಂಗಲದ ಕೈಗಾರಿಕಾ ಪ್ರದೇಶದಲ್ಲಿದ್ದ ಒಂದು ಸಣ್ಣ ಕಂಪನಿಯಲ್ಲಿ. ರಾಗಿ ಹುರಿಹಿಟ್ಟು ಮತ್ತು ರಾಗಿ ಮಾಲ್ಟ್ ತಯಾರಿಸುತ್ತಿದ್ದೆವು. ಬೆಳಿಗ್ಗೆ ಗೇಟಿನೊಳಗೆ ಕಾಲಿಟ್ಟರೆ ಹುರಿದ ರಾಗಿಯ ಘಮ ಅಂಗಿಗೆ ಹತ್ತಿಕೊಳ್ಳುತ್ತಿತ್ತು. ಬಸ್ಸಿನಲ್ಲಿ ಪಕ್ಕ ಕೂತವರು “ಯಾಕೋ ಹೊಟ್ಟೆ ಹಸೀತೈತೆ ಕಣ್ರಿ” ಎನ್ನುತ್ತಿದ್ದರು. ಇಷ್ಟು ವರ್ಷದ ಕೆಲಸದಲ್ಲಿ ನನ್ನ ಅಂಗಿಗಿಂತ ಒಳ್ಳೆಯ ಜಾಹೀರಾತನ್ನು ನಾನು ಮಾಡಲಿಲ್ಲ ಅನ್ನಿಸುತ್ತದೆ.

ಗುಬ್ಬಿ, ಚೇಳೂರು, ಕುಣಿಗಲ್ ನನ್ನ ಲೈನ್. ಲೈನ್ ಎಂದರೆ ನಾವು ವಾರವಾರ ಸುತ್ತುವ ಅಂಗಡಿಗಳ ದಾರಿ. ಹೊಸ ಅಂಗಡಿಗೆ ಮಾಲು ಹಾಕಿಸುವುದು, ಹಳೆಯ ಅಂಗಡಿಯಲ್ಲಿ ನಮ್ಮ ಪ್ಯಾಕೆಟ್ಟು ಮುಂದಿನ ಸಾಲಿನಲ್ಲಿ ಇದೆಯೋ ಇಲ್ಲವೋ ನೋಡುವುದು, ಗೋಡೆ ಬರಹ ಬರೆಸುವುದು, ಜಾತ್ರೆ ಸಂತೆಗಳಲ್ಲಿ ಮಾಲ್ಟ್ ಕಾಸಿ ಕುಡಿಸುವುದು, ಇದೇ ಕೆಲಸ. ಹೆಸರು ಮಾತ್ರ ದೊಡ್ಡದು, ಮಾರ್ಕೆಟಿಂಗ್. ನನಗೋ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದರೆ ಮುಗಿಯಿತು. ತೆಂಗಿನ ತೋಟಗಳ ನೆರಳು ಮುಖದ ಮೇಲೆ ಹಾದುಹೋಗುತ್ತಾ ಹೋಗುತ್ತಾ, ಯಾವುದು ತೋಟ ಯಾವುದು ಕನಸು ಗೊತ್ತಾಗದೆ, ಇಳಿಯಬೇಕಾದ ಊರು ಹಿಂದೆ ಉಳಿದಿರುತ್ತಿತ್ತು. ಎಚ್ಚರವಾದ ಊರಿನಲ್ಲೇ ಇಳಿದು ಅಲ್ಲೊಂದು ಅಂಗಡಿ ಹುಡುಕಿ ಮಾಲು ಹಾಕಿಸಿದ್ದೂ ಉಂಟು. ಹಾಗೆ ನಿದ್ದೆಯಿಂದ ಸಿಕ್ಕಿದ ಗಿರಾಕಿಗಳು ಕೊನೆಯವರೆಗೂ ನಮ್ಮನ್ನು ಬಿಡಲಿಲ್ಲ.

ನನ್ನ ಮೇಲಧಿಕಾರಿ ಚನ್ನಬಸಪ್ಪನವರು. ಬಿಳಿ ಅಂಗಿ, ಜೇಬಿನಲ್ಲಿ ವಿಭೂತಿಯ ಪುಟ್ಟ ಡಬ್ಬಿ, ಬಾಯಲ್ಲಿ ಬೈಗುಳ. “ಜಯಣ್ಣ, ಕೆಲಸ ನೀನ್ ಮಾಡ್ತೀಯೋ, ನಿನ್ ನಿದ್ದೆ ಮಾಡುತ್ತೋ?” ಎಂದು ಎಲ್ಲರೆದುರು ಕೇಳುತ್ತಿದ್ದರು. ಅವರು ನನಗೆ ಎರಡು ಪಾಠ ಹೇಳಿಕೊಟ್ಟರು. ಎರಡೂ ಯಾವ ಪುಸ್ತಕದಲ್ಲೂ ಇರಲಿಲ್ಲ.

ಮೊದಲನೆಯದು ಡಿಸ್‌ಪ್ಲೇ ಫೋಟೋ. ಅಂಗಡಿಯಲ್ಲಿ ನಮ್ಮ ಪ್ಯಾಕೆಟ್ಟುಗಳನ್ನು ಗೋಪುರದ ಹಾಗೆ ಜೋಡಿಸಿ, ಫೋಟೋ ತೆಗೆದು ಆಫೀಸಿಗೆ ಕೊಡಬೇಕು. ಜೋಡಿಸಿದ್ದಕ್ಕೆ ಅದೇ ಸಾಕ್ಷಿ. ಆಗ ರೀಲು ಹಾಕುವ ಕ್ಯಾಮೆರಾ. ನಾನು ತೆಗೆದ ಮೊದಲ ಫೋಟೋದಲ್ಲಿ ಅಂಗಡಿಯವರು ಹೊಸ ಅಂಗಿ ಹಾಕಿಕೊಂಡು, ಮೀಸೆ ತಿರುವಿಕೊಂಡು ನಡುವೆ ನಿಂತಿದ್ದರು. ಪ್ಯಾಕೆಟ್ಟುಗಳು ಅವರ ಹೊಟ್ಟೆಯ ಹಿಂದೆ ಅಡಗಿದ್ದವು. ಚನ್ನಬಸಪ್ಪನವರು ಫೋಟೋ ಎತ್ತಿ ಹಿಡಿದು, “ಇವ್ರನ್ನ ಮಾರ್ತೀವೇನಯ್ಯ ನಾವು? ಮನುಷ್ಯ ಪಕ್ಕಕ್ಕೆ, ಮಾಲು ಮುಂದಕ್ಕೆ!” ಅಂದರು. ಅಂದಿನಿಂದ ಪ್ರತಿ ಅಂಗಡಿಯಲ್ಲೂ ಕ್ಯಾಮೆರಾ ಕಣ್ಣಿಗಿಟ್ಟುಕೊಂಡು ನಾನು ಹೇಳಿದ್ದು ಒಂದೇ ಮಾತು, “ಸ್ವಲ್ಪ ಪಕ್ಕಕ್ಕೆ ಬನ್ನಿ, ಪ್ಯಾಕೆಟ್ ಕಾಣ್ಲಿ.”

ಎರಡನೆಯ ಪಾಠ ಬಾಗಿಲಿನದು. ಹಬ್ಬದ ಮುಂದೆ ಅಂಗಡಿಯವರ ಮನೆಗಳಿಗೆ ಹೋಗಿ ಕ್ಯಾಲೆಂಡರು, ಸಿಹಿ ಕೊಟ್ಟು ಬರುವ ಪದ್ಧತಿ ನಮ್ಮದು. ಹೊಸದರಲ್ಲಿ ನಾನು ಒಂದು ಮನೆಯ ಮುಂದೆ ನಿಂತು ನಗುನಗುತ್ತಾ ಕೂಗಲು ಹೋದೆ. ಚನ್ನಬಸಪ್ಪನವರು ಹಿಂದಿನಿಂದ ನನ್ನ ಕಾಲರ್ ಹಿಡಿದು ಎಳೆದರು. “ಬಾಗ್ಲು ನೋಡಯ್ಯ ಮೊದ್ಲು. ತೋರಣ ಐತಾ? ರಂಗೋಲಿ ಐತಾ?” ಎರಡೂ ಇರಲಿಲ್ಲ. ಸಾವಾದ ಮನೆಗೆ ಆ ವರ್ಷ ಹಬ್ಬವಿಲ್ಲ. ಅಂಥ ಮನೆಗೆ ಹೋಗಬಾರದೆಂದಲ್ಲ, ಹೋಗಲೇಬೇಕು. ಕೈಯಲ್ಲಿ ಏನೂ ಹಿಡಿಯದೆ ಹೋಗಬೇಕು, ಜಗುಲಿಯ ಮೇಲೆ ಕೂರಬೇಕು, ಕೊಟ್ಟ ಕಾಫಿ ಕುಡಿಯಬೇಕು, ಹಬ್ಬದ ಮಾತೆತ್ತದೆ ಎದ್ದು ಬರಬೇಕು. ಯಾವ ಮನೆಗೆ ತೋರಣವಿಲ್ಲ ಅನ್ನುವುದನ್ನು ನಾವು ಎಲ್ಲೂ ಬರೆದಿಟ್ಟುಕೊಳ್ಳುತ್ತಿರಲಿಲ್ಲ. ಲೈನಿನಲ್ಲಿ ಓಡಾಡುವವನಿಗೆ ಅದು ಗೊತ್ತಿರುತ್ತಿತ್ತು.

ಪ್ರಮಾದಗಳೂ ಆದವು. ಎಲ್ಲವನ್ನೂ ಹೇಳಿದರೆ ನಮ್ಮ ಕಂಪನಿ ಹೇಗೆ ನಡೆಯಿತು ಎಂದು ನಿಮಗೆ ಆಶ್ಚರ್ಯವಾದೀತು. ಕುಣಿಗಲ್ಲಿನದು ಒಂದನ್ನು ಹೇಳುತ್ತೇನೆ. ಮಾಲ್ಟ್ ಕುಡಿದರೆ ಬಲ ಬರುತ್ತದೆ ಎಂದು ತೋರಿಸಲು ಪ್ಯಾಕೆಟ್ಟಿನ ಮೇಲೆ ಓಡುವ ಕುದುರೆಯ ಚಿತ್ರ ಹಾಕಿಸೋಣ ಅನ್ನಿಸಿತು. ಕುಣಿಗಲ್ ಎಂದರೆ ಕುದುರೆ ಫಾರಂ ಊರು, ಜನ ಕುದುರೆ ನೋಡಿದರೆ ಹೆಮ್ಮೆಪಡುತ್ತಾರೆ ಎಂದು ನನ್ನ ಲೆಕ್ಕ. ನಾನು ಕಂಡ ಕನಸಿನಲ್ಲಿ ಆ ಕುದುರೆ ಕೆರೆಯ ನೀರಿನ ಮೇಲೆ ಓಡುತ್ತಿತ್ತು. ಮುಂದಿನ ವಾರ ಅಂಗಡಿಗೆ ಹೋಗಿ ನೋಡಿದರೆ ನಮ್ಮ ಮಾಲ್ಟ್ ಬೂಸಾ ಚೀಲಗಳ ಪಕ್ಕ, ಹುರುಳಿ ಮೂಟೆಯ ಮೇಲೆ ಕೂತಿದೆ. “ಕುದ್ರೆಗ್ ಹಾಕೋದಲ್ವ ಸಾರ್ ಇದು? ಫಾರಂನವ್ರು ಬಂದ್ರೆ ಕೊಡನ ಅಂತ ಅಲ್ಲಿಟ್ಟಿದೀನಿ” ಎಂದರು ಅಂಗಡಿಯವರು. ಬೇರೆ ಊರಿನಲ್ಲಾದರೆ ಕುದುರೆ ಬಲದ ಗುರುತು. ಆ ಊರಿನಲ್ಲಿ ಕುದುರೆ ಅಂದರೆ ಕುದುರೆಯೇ, ಅದಕ್ಕೆ ಹೊತ್ತುಹೊತ್ತಿಗೆ ಮೇವು ಬೇಕು. ಚನ್ನಬಸಪ್ಪನವರು ಆ ಸಲ ಬೈಯಲಿಲ್ಲ, ನಕ್ಕು ನಕ್ಕು ಕಣ್ಣೊರೆಸಿಕೊಂಡರು.

ಅವರು ಹೋದರು, ರೀಲು ಕ್ಯಾಮೆರಾ ಹೋಯಿತು, ಗೋಡೆ ಬರಹ ಹೋಗಿ ಫ್ಲೆಕ್ಸ್ ಬಂತು, ವಾಟ್ಸ್ಆ್ಯಪ್ ಬಂತು. ನನ್ನ ಸೇವೆಯ ಕೊನೆಯ ದಿನಗಳಲ್ಲಿ ನಯನ ಬಂದಳು. ಗುಬ್ಬಿಯ ಹುಡುಗಿ, ತುಮಕೂರಿನಲ್ಲಿ ಎಂಬಿಎ ಮಾಡಿದವಳು. ಬಂದ ದಿನವೇ ಕಂಪ್ಯೂಟರ್ ತಿರುಗಿಸಿ ನನಗೆ ಎಐ ತೋರಿಸಿದಳು. “ಏನ್ ಬೇಕೋ ಕೇಳಿ ಸಾರ್, ಮಾಡ್ಕೊಡುತ್ತೆ.”

ನನ್ನ ವಯಸ್ಸಿನವರು ಅದನ್ನು ಕಂಡರೆ ಮುಖ ಸಿಂಡರಿಸುತ್ತಾರೆ ಎಂದು ಲೋಕ ತಿಳಿದಿದೆ. ನನಗಂತೂ ಅದರ ಮೇಲೆ ಮೋಹವೇ ಆಯಿತು. ಜೀವನವಿಡೀ ‘ಕನಸು ಕಾಣಬೇಡ, ಕೆಲಸ ನೋಡು’ ಎಂದು ಬೈಸಿಕೊಂಡವನು ನಾನು. ಇಲ್ಲಿ ಕನಸನ್ನು ಹೇಳಿದರೆ ಸಾಕು, ಚಿತ್ರವಾಗಿ ಎದುರು ಬಂದು ನಿಲ್ಲುತ್ತದೆ. ಕೆರೆಯ ಮೇಲೆ ಓಡುವ ಆ ಹಳೆಯ ಕುದುರೆಯನ್ನು ಕೇಳಿದೆ, ಮಾಡಿಕೊಟ್ಟಿತು. ತೆಂಗಿನ ತೋಟದ ಮೇಲೆ ಮೋಡದ ಹಾಗೆ ತೇಲುವ ಹುರಿಹಿಟ್ಟಿನ ಪ್ಯಾಕೆಟ್ಟುಗಳನ್ನು ಕೇಳಿದೆ, ಅದೂ ಆಯಿತು. ಊಟದ ಡಬ್ಬಿ ತೆರೆಯದೆ ಮಧ್ಯಾಹ್ನವೆಲ್ಲ ಅದರ ಮುಂದೆ ಕೂತಿದ್ದೇನೆ.

ತಪ್ಪುಗಳೂ ಚೆನ್ನಾಗಿರುತ್ತಿದ್ದವು. ಮುದ್ದೆ ಉಣ್ಣುತ್ತಿರುವ ಸಂಸಾರದ ಚಿತ್ರ ಕೇಳಿದರೆ ಅಪ್ಪ, ಅಮ್ಮ, ಮಕ್ಕಳ ಕೈಗೆಲ್ಲ ಚಮಚ ಕೊಟ್ಟಿತ್ತು. ಅಜ್ಜಿಗೆ ಫೋರ್ಕು. ಅದು ಬರೆದ ಕನ್ನಡ ಮದುವೆ ಕರೆಯೋಲೆಯ ಹಾಗೆ ಇರುತ್ತಿತ್ತು. “ಸಾರ್, ನಮ್ ಕಡೆ ‘ಪೌಷ್ಟಿಕತೆಯ ಪರಿಪೂರ್ಣ ಸಂಗಮ’ ಅಂದ್ರೆ ಯಾವ್ದೋ ಪುಣ್ಯಕ್ಷೇತ್ರ ಅನ್ಕೊಂತಾರೆ” ಎಂದು ನಯನ ತಾನೇ ತಿದ್ದುತ್ತಿದ್ದಳು. ಜಾಣೆ. ಆ ಯಂತ್ರದ ಒಂದು ಗುಣ ಮಾತ್ರ ನನಗೆ ಮೊದಲಿನಿಂದಲೂ ಅನುಮಾನ ತರಿಸಿತ್ತು. ಏನು ಹೇಳಿದರೂ ಹೂಂ ಅನ್ನುತ್ತಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯದು ಅದು. ಕರುವಿನ ಫೋಟೋವನ್ನೂ ಮಾಡಿಕೊಡುತ್ತಿತ್ತು.

ಆ ವರ್ಷದ ದೀಪಾವಳಿಗೆ ನಯನ ಹೊಸದೊಂದು ಯೋಚನೆ ಮಾಡಿದಳು. ಎಲ್ಲ ಅಂಗಡಿಯವರಿಗೂ ಒಂದೇ ಶುಭಾಶಯ ಕಳಿಸುವ ಬದಲು, ಅವರವರ ವಾಟ್ಸ್ಆ್ಯಪ್ ಫೋಟೋ ತೆಗೆದುಕೊಂಡು, ಎಐ ಕೈಲಿ ಚೆಂದ ಮಾಡಿಸಿ, ಅವರ ಕೈಗೆ ನಮ್ಮ ಮಾಲ್ಟಿನ ಪ್ಯಾಕೆಟ್ಟು ಕೊಟ್ಟು, ಹಿಂದೆ ದೀಪಗಳ ಸಾಲು ಹಾಕಿ, ಹೆಸರು ಹಿಡಿದು ಶುಭಾಶಯ ಹೇಳುವುದು. ಮಾದರಿಗೆ ಮೂರು ನಾಲ್ಕು ತೋರಿಸಿದಳು. ಗುಬ್ಬಿಯ ಅಂಗಡಿಯವರೊಬ್ಬರು ಸಿನಿಮಾ ಹೀರೋ ಆಗಿಬಿಟ್ಟಿದ್ದರು. ಎಲ್ಲರೂ ಮೆಚ್ಚಿದೆವು. ಉಳಿದವನ್ನು ಯಂತ್ರವೇ ಮಾಡಿತು, ಯಂತ್ರವೇ ಕಳಿಸಿತು.

ಚೇಳೂರಿನ ಕಲ್ಲೇಶಪ್ಪನವರಿಗೂ ಹೋಯಿತು. ಅವರು ನನ್ನ ಲೈನಿನ ಹಳಬರು. ಅವರ ಹೆಂಡತಿ ಗೌರಮ್ಮ ಹಿಂದಿನ ವರ್ಷ ಕಾರ್ತಿಕದಲ್ಲಿ ತೀರಿಕೊಂಡಿದ್ದರು. ಅಂದಿನಿಂದ ಕಲ್ಲೇಶಪ್ಪನವರ ವಾಟ್ಸ್ಆ್ಯಪ್ ಫೋಟೋ ಎಂದರೆ ಅಂಗಡಿಯ ಗೋಡೆಯ ಮೇಲಿದ್ದ ಹೆಂಡತಿಯ ಫೋಟೋ. ಗಾಜಿನ ಮೇಲೆ ಕುಂಕುಮ, ಸುತ್ತ ಗಂಧದ ಹಾರ. ಯಂತ್ರ ಹಾರ ಕಂಡಿತು, ಸನ್ಮಾನ ಅಂದುಕೊಂಡಿತು. ಇನ್ನೂ ಚೆಂದ ಕಾಣಲೆಂದು ಹಾರ ತೆಗೆದುಹಾಕಿತು. ಬಿಗಿದ ತುಟಿಯನ್ನು ಬಿಡಿಸಿ ನಗಿಸಿತು. ಕೈಗೆ ನಮ್ಮ ಪ್ಯಾಕೆಟ್ಟು ಕೊಟ್ಟಿತು. ಕೆಳಗೆ ಬರೆಯಿತು: ‘ಕಲ್ಲೇಶಪ್ಪನವರ ಕುಟುಂಬಕ್ಕೆ ದೀಪಾವಳಿಯ ಶುಭಾಶಯಗಳು. ಈ ಹಬ್ಬ, ಎಲ್ಲರೂ ಜೊತೆಯಾಗಿ.’

ನಾನದನ್ನು ನೋಡಿದ್ದು ಕಲ್ಲೇಶಪ್ಪನವರ ಸ್ಟೇಟಸ್‌ನಲ್ಲಿ. ನಯನಳನ್ನು ಕರೆದು ತೋರಿಸಿದೆ. ತೋರಣವಿಲ್ಲದ ಬಾಗಿಲಿನ ಪಾಠವನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. “ಸಾರ್, ಅದಕ್ಕೆ ಹಾರ ಗೊತ್ತು ಸಾರ್. ಯಾಕೆ ಹಾಕಿದಾರೆ ಅಂತ ಗೊತ್ತಿಲ್ಲ” ಎಂದು ಅತ್ತಳು. ನಮ್ಮ ಮಾಲೀಕರು, “ಫೋನಲ್ಲಿ ಸಾರಿ ಗೀರಿ ಅನ್ಬೇಡಿ. ಹೋಗಿ ಬನ್ನಿ” ಅಂದರು.

ಗುಬ್ಬಿಯಿಂದ ಚೇಳೂರಿಗೆ ಹೋಗುವ ಬಸ್ಸಿನಲ್ಲಿ ಅದೊಂದೇ ದಿನ ನನಗೆ ನಿದ್ದೆ ಬರಲಿಲ್ಲ. ನಯನ ಕಿಟಕಿಯ ಆಚೆ ನೋಡುತ್ತಾ, “ಬೈದ್ರೆ ಬೈಸ್ಕೊಂತೀನಿ ಸಾರ್. ಸುಮ್ನೆ ಇದ್ಬಿಟ್ರೆ ಏನ್ ಮಾಡ್ಲಿ?” ಎಂದು ಕೇಳಿದಳು.

ಕಲ್ಲೇಶಪ್ಪನವರು ಬೈಯಲೂ ಇಲ್ಲ, ಸುಮ್ಮನಿರಲೂ ಇಲ್ಲ. ನಮ್ಮನ್ನು ಕಂಡದ್ದೇ ಎದ್ದು ಬಂದರು. “ಬನ್ನಿ ಜಯಣ್ಣ, ಬಾರವ್ವ. ಇವ್ಳೇನಾ ಮಾಡಿದ್ದು? ಕೂತ್ಕೊ. ನೋಡಿಲ್ಲಿ.” ಗೋಡೆಯ ಮೇಲೆ ಹಳೆಯ ಫೋಟೋದ ಪಕ್ಕದಲ್ಲಿ ಹೊಸದೊಂದು ಕಟ್ಟು ಇತ್ತು. ಯಂತ್ರ ಮಾಡಿದ ಚಿತ್ರವನ್ನು ಅವರು ಗುಬ್ಬಿಗೆ ಹೋಗಿ ಪ್ರಿಂಟ್ ಹಾಕಿಸಿ ಕಟ್ಟು ಹಾಕಿಸಿದ್ದರು. ಅಂಗಡಿಗೆಲ್ಲ ಕಾಣುವ ಹಾಗೆ ಗೌರಮ್ಮ ನಗುತ್ತಿದ್ದರು, ಬಿಳಿ ಬಿಳಿ ಹಲ್ಲು, ಮಲ್ಲಿಗೆ ಮೊಗ್ಗು ಪೋಣಿಸಿದ ಹಾಗೆ.

“ಹಳೇದು ಓಟಿನ್ ಕಾರ್ಡಿಂದು ಜಯಣ್ಣ. ಸ್ಟುಡಿಯೋದವ್ನು ದೊಡ್ದು ಮಾಡಿ, ಅವ್ಳು ಯಾವತ್ತೂ ಉಡ್ದಿದ್ ರೇಷ್ಮೆ ಸೀರೆ ಉಡ್ಸಿದ್ದ. ನೋಡಿದ್ರೆ ನನ್ ಮೇಲ್ ಸಿಟ್ ಮಾಡ್ಕೊಂಡಂಗೆ ಕಾಣೋಳು. ಒಂದ್ ವರ್ಷ ಆ ಸಿಟ್ಟಿನ್ ಮುಂದೇನೇ ಕೂತಿದೀನಿ. ಈಗ ನೋಡಿ, ನಗ್ತಾವ್ಳೆ.” ಅವರ ಕಣ್ಣು ತುಂಬಿತ್ತು, ಮುಖದಲ್ಲಿ ಸಂತೋಷವಿತ್ತು. ಕ್ಷಮೆ ಕೇಳಲು ಬಂದ ನಾವು ಫೋಟೋ ನೋಡುತ್ತಾ ಕೂತೆವು. ಮುಂದಿನ ವಾರ ವರ್ಷದ ಪೂಜೆ, ಪೂಜೆಗೆ ಇದೇ ಫೋಟೋ ಇಡುತ್ತೇನೆ ಎಂದರು. ಅವರದೊಂದೇ ಬೇಡಿಕೆ. “ಕೈಯಾಗಿರೋ ಪ್ಯಾಕೆಟ್ಟು ತೆಗ್ದು ಕೊಡವ್ವ. ದೇವ್ರ್ ಮುಂದೆ ಇಡೋದಲ್ವಾ.”

ನಯನ ಅಲ್ಲೇ ಕೂತು ಫೋನಿನಲ್ಲಿ ಶುರುಮಾಡಿದಳು. ಪ್ಯಾಕೆಟ್ಟು ಹೋಯಿತು, ಜೊತೆಗೆ ಮುಖವೂ ಕೊಂಚ ಸರಿದಂತಾಯಿತು. ಮತ್ತೆ ಮಾಡಿದಳು. ಕೈಯಲ್ಲಿ ಹೂವು ಬಂತು, ಗಲ್ಲ ಬೇರೆಯಾಯಿತು. ಕಲ್ಲೇಶಪ್ಪನವರು ಕನ್ನಡಕ ಏರಿಸಿ ಒಂದೊಂದನ್ನೂ ನೋಡಿದರು. “ಇದು ಅವ್ಳ್ ತಂಗಿ ಇದ್ದಂಗೈತೆ... ಇದ್ಯಾರೋ ಮೇಡಮ್ಮು...” ಕೊನೆಗೆ ಅವರೇ ಕೈಚೆಲ್ಲಿದರು. “ಮೊದಲ್ನೇದೇ ಇರ್ಲಿ ಬುಡವ್ವ. ಪ್ಯಾಕೆಟ್ ಹಿಡ್ಕೊಂಡೇ ನಗ್ಲಿ. ಅಂಗ್ಡೀಲೇ ಇದ್ದೋಳಲ್ವ.”

ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಮಗಳು ಸವಿತ. ಕುಣಿಗಲ್ಲಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ. ಚಿಕ್ಕಂದಿನಿಂದ ನನ್ನನ್ನು ಮಾಮ ಎನ್ನುತ್ತಾಳೆ. ನಾನಿರುವುದು ತಿಳಿದು ಫೋನು ನನಗೆ ಕೊಡಿಸಿಕೊಂಡಳು. “ಮಾಮ, ಅದ್ ನಿಮ್ ಕಂಪ್ನಿಯವ್ರು ಮಾಡಿದ್ದಂತೆ. ನೀವೇ ಇಳ್ಸಿ ಹೋಗಿ. ಅದು ನಮ್ಮವ್ವ ಅಲ್ಲ. ಪೂಜೇಲಿ ಅದನ್ನ ಇಟ್ರೆ ನಾನ್ ಬರಲ್ಲ. ಬರಲ್ಲ ಅಂದ್ರೆ ಬರಲ್ಲ.” ಫೋನು ಕಟ್ಟಾಯಿತು. ಕಲ್ಲೇಶಪ್ಪನವರು ನಗುವ ಫೋಟೋದ ಕಡೆ ನೋಡಿದರು, ನೆಲ ನೋಡಿದರು. ಇರುವವಳು ಒಬ್ಬಳೇ ಮಗಳು.

ಮಾರನೆಯ ದಿನ ನಾವಿಬ್ಬರೂ ಕುಣಿಗಲ್ಲಿಗೆ ಹೋದೆವು. ಸವಿತ ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡು ರವಿಕೆ ಹೊಲಿಯುತ್ತಿದ್ದಳು. ನಯನ ತಪ್ಪಾಯಿತು ಎಂದಳು. ಸವಿತ ಮಿಷನ್ ನಿಲ್ಲಿಸಿ ನಮ್ಮ ಕಡೆ ತಿರುಗಿ ಮೇಲಿನ ತುಟಿ ಎತ್ತಿ ತೋರಿಸಿದಳು. ಮುಂದಿನ ಹಲ್ಲೊಂದು ಇನ್ನೊಂದರ ಮೇಲೆ ಹತ್ತಿ ಕೂತಿತ್ತು.

“ಇದು ಅವ್ವಂದು ಮಾಮ. ಹಂಗೇ ನಂಗ್ ಬಂದೈತೆ. ಹೆಣ್ ನೋಡಕ್ ಬಂದವ್ರು ‘ಹಲ್ ಕೀಳ್ಸಿ ಸರಿಮಾಡ್ಸಿ, ಆಮೇಲ್ ಮಾತಾಡನ’ ಅಂದ್ರು. ಅವ್ವ ಏನ್ ಮಾಡಿದ್ಲು ಗೊತ್ತಾ? ‘ಇದು ನಮ್ಮನೆ ಗುರ್ತು, ಕೀಳ್ಸಲ್ಲ’ ಅಂದು, ಕೊಟ್ಟಿದ್ ಕಾಫಿ ಲೋಟ ವಾಪಸ್ ಎತ್ಕೊಂಡ್ ಒಳಿಕ್ ಹೋದ್ಲು. ತಾನ್ ಮಾತ್ರ ನಗ್ವಾಗ ಬಾಯಿಗ್ ಸೆರಗ್ ಅಡ್ಡ ಹಿಡಿಯೋಳು. ನಂಗೆ ‘ಬಾಯ್ಬಿಟ್ ನಗು ಮಗ’ ಅನ್ನೋಳು.” ಅವಳ ದನಿ ಒಡೆಯಿತು. “ಈಗ ಅಪ್ಪ ಹಲ್ ನೆಟ್ಟಗಿರೋ ಯಾರ್ನೋ ನೋಡಿ, ಎಷ್ಟ್ ಚೆನ್ನಾಗವ್ಳೆ ಅಂತಾರೆ. ಹಂಗಾದ್ರೆ ಇಷ್ಟ್ ದಿನ...”

ಮುಂದೆ ಹೇಳದೆ ಮಿಷನ್ ತುಳಿಯತೊಡಗಿದಳು. ಅಪ್ಪನಿಗೆ ನಗುವ ಹೆಂಡತಿ ಬೇಕು, ಮಗಳಿಗೆ ನಿಜವಾದ ತಾಯಿ ಬೇಕು. ಇಬ್ಬರ ಬಳಿಯೂ ಇಲ್ಲದ್ದು ನಿಜವಾಗಿ ನಗುವ ಗೌರಮ್ಮ. ನಯನ ಮೆಲ್ಲಗೆ ಕೇಳಿದಳು, “ಅಮ್ಮ ನಗ್ತಿರೋದು ಒಂದೂ ಫೋಟೋ ಇಲ್ವಾ ಅಕ್ಕ?”

“ಸೆರಗಿರೋದು ಬೇಕಾದಷ್ಟವೆ” ಎಂದಳು ಸವಿತ.

ವಾಪಸು ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು, ಹಳೆಯ ನಿದ್ದೆ ಬಂತು. ಕೆರೆಯ ನೀರು ಕಣ್ಣೊಳಗೆ ಹೊಳೆಯುತ್ತಾ ಹೊಳೆಯುತ್ತಾ ಚೇಳೂರಿನ ಅಂಗಡಿಯಾಯಿತು. ಗೌರಮ್ಮ ಎರಡೂ ಕೈಯಲ್ಲಿ ನಮ್ಮ ಮಾಲಿನ ದೊಡ್ಡ ಡಬ್ಬ ತಬ್ಬಿಕೊಂಡು ನಿಂತಿದ್ದಾರೆ. ನಾನು ಕ್ಯಾಮೆರಾ ಹಿಡಿದು, ಅಕ್ಕ ಸ್ವಲ್ಪ ಪಕ್ಕಕ್ಕೆ ಬನ್ನಿ ಎನ್ನುತ್ತಿದ್ದೇನೆ. “ನನ್ ಅಂಗ್ಡೀಲಿ ನಾನೇ ಪಕ್ಕಕ್ ಹೋಗ್ಬೇಕಾ!” ಎಂದು ಅವರು ನಗುತ್ತಾರೆ. ಕೈ ತುಂಬ ಡಬ್ಬ. ಸೆರಗು ಎತ್ತಲು ಕೈಯೇ ಇಲ್ಲ. ಬಸ್ಸು ಗುಂಡಿಗೆ ಇಳಿದು ಎಗರಿತು, ಎಚ್ಚರವಾಯಿತು. ಕನಸೋ ನೆನಪೋ ತಿಳಿಯಲಿಲ್ಲ. ನಾನು ಬದುಕಿದ್ದೇ ಎರಡರ ನಡುವೆ.

ಕಂಪನಿಯ ಗೋಡೌನ್ ಖಾಲಿ ಮಾಡುವಾಗ ಎಸೆಯಲಿದ್ದ ಡಿಸ್‌ಪ್ಲೇ ಫೋಟೋಗಳನ್ನು ನಾನು ಅಕ್ಕಿ ಚೀಲದಲ್ಲಿ ತುಂಬಿ ಮನೆಗೆ ತಂದಿದ್ದೆ. ನೆನಪೇ ಆಗಿದ್ದರೆ ಆ ಫೋಟೋ ಅದರಲ್ಲೇ ಇರಬೇಕು. ಶಾರದ ಚೀಲವನ್ನು ಅಟ್ಟದಿಂದ ಇಳಿಸಿಕೊಟ್ಟಳು. “ಹಿಟ್ಟಿನ್ ಪ್ಯಾಕೆಟ್ ಫೋಟೋ ಯಾರಾದ್ರೂ ಮಡಗ್ತಾರಾ?” ಎಂದು ಇಷ್ಟು ವರ್ಷ ಬೈದವಳು ಅಂದು ನನ್ನ ಪಕ್ಕ ನೆಲದ ಮೇಲೆ ಕೂತು ಹುಡುಕಿದಳು. ಪ್ಯಾಕೆಟ್ಟು, ಪ್ಯಾಕೆಟ್ಟು, ಪ್ಯಾಕೆಟ್ಟಿನ ಗೋಪುರ. ಹಿಂದೆ ನಾನು ನೋಡಿದ್ದು ಅಷ್ಟನ್ನೇ. ಈಗ ಅಂಚುಗಳನ್ನು ನೋಡಿದೆ. ಒಂದರಲ್ಲಿ ಯಾರದೋ ಮೊಣಕೈ, ಇನ್ನೊಂದರಲ್ಲಿ ಮಗುವಿನ ಪಾದ, ಟವೆಲಿನ ತುದಿ, ಅರ್ಧ ಮೀಸೆ, ಬಳೆಗಳ ಕೈ. ನಾನು ಪಕ್ಕಕ್ಕೆ ಕಳಿಸಿದ ತಾಲ್ಲೂಕೆಲ್ಲ ಫೋಟೋಗಳ ಅಂಚಿನಲ್ಲಿ ನಿಂತುಕೊಂಡು ನನ್ನನ್ನೇ ನೋಡುತ್ತಿತ್ತು. ಮಧ್ಯಾಹ್ನದ ಬಿಸಿಲು ನೆಲದ ಮೇಲೆ ಸರಿಯುತ್ತಾ ಹೋಯಿತು.

“ಇವ್ರಾ ನೋಡಿ” ಎಂದಳು ಶಾರದ.

ಫೋಟೋದ ಬಹುಪಾಲು ಹುರಿಹಿಟ್ಟಿನ ಗೋಪುರ. ಎಡತುದಿಯಲ್ಲಿ ಡಬ್ಬ ತಬ್ಬಿಕೊಂಡ ಒಂದು ತೋಳು, ಹೂವಿನ ಹತ್ತಿ ಸೀರೆ, ಅರ್ಧ ಮುಖ. ಒಂದು ಕಣ್ಣು, ಅರ್ಧ ಬಾಯಿ. ಬಾಯ್ಬಿಟ್ಟು ನಗು. ಹಲ್ಲಿನ ಮೇಲೆ ಹತ್ತಿ ಕೂತ ಹಲ್ಲು.

ಮೊಬೈಲಿನಲ್ಲಿ ಅದರ ಫೋಟೋ ತೆಗೆದು ಸವಿತಳಿಗೆ ಕಳಿಸಿದೆ. ಅವಳು ಸಂಜೆ ಫೋನು ಮಾಡಿ ಬಹಳ ಹೊತ್ತು ಅತ್ತು, “ಪೂಜೆ ಹಿಂದಿನ್ ದಿನಾನೇ ಬರ್ತೀನಿ ಮಾಮ” ಅಂದಳು.

ಈಗ ನಯನಳ ಕೈಕೆಳಗೆ ಕೆಲಸ ಕಲಿಯುವವರಿದ್ದಾರೆ. ಅವಳು ಎಐ ಬಿಟ್ಟಿಲ್ಲ, ಬಿಡಬೇಕಾಗಿಯೂ ಇಲ್ಲ. ಹಬ್ಬದ ಮುಂದೆ ಯಾರಿಗೆ ಶುಭಾಶಯ ಹೋಗಬೇಕೆಂದು ಯಂತ್ರಕ್ಕೆ ಹೇಳುವ ಮೊದಲು, ಲೈನಿಗೆ ಹೋಗಿ ಬಂದವರನ್ನು ನಿಲ್ಲಿಸಿ, “ಬಾಗ್ಲು ನೋಡಿದ್ರಾ?” ಎಂದು ಕೇಳುತ್ತಾಳೆ. ನೋಡಿಲ್ಲ ಅಂದರೆ ವಾಪಸು ಕಳಿಸುತ್ತಾಳೆ. ಮೊನ್ನೆ ಅವಳು ಒಬ್ಬನಿಗೆ ಬೈಯುವುದನ್ನು ಕೇಳಿದೆ. ಥೇಟ್ ಚನ್ನಬಸಪ್ಪನವರೇ.

ಆ ವರ್ಷ ಗೌರಮ್ಮನವರ ಪೂಜೆಯ ಹಿಂದಿನ ದಿನ ನಾನೂ ನಯನಳೂ ಚೇಳೂರಿಗೆ ಹೋದಾಗ ಸವಿತ ಆಗಲೇ ಬಂದಿದ್ದಳು. ಅಪ್ಪ ಮಗಳು ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತಿದ್ದರು. ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದ್ದ ಫೋಟೋವನ್ನು ನಾನು ಕೊಟ್ಟೆ. ಕಲ್ಲೇಶಪ್ಪನವರು ಅದನ್ನು ಬೆಳಕಿಗೆ ಹಿಡಿದರು, ಹತ್ತಿರ ತಂದರು, ಹೆಬ್ಬೆರಳಿನಿಂದ ಅಂಚನ್ನು ಸವರಿದರು. ಅವರ ಗಂಟಲಿನಿಂದ ಒಂದು ಸದ್ದು ಬಂತು, ನಗುವೋ ಅಳುವೋ. “ಅಯ್ಯೋ, ಇದೇ ಕಣೇ ಸವಿತ... ಈ ಹಲ್ಲು ನೋಡೇ ನಾನ್ ಒಪ್ಕೊಂಡಿದ್ದು. ಹೆಣ್ ನೋಡಕ್ ಹೋದಾಗ ಸೆರಗ್ ಜಾರಿ ಕಂಡ್ಬುಡ್ತು. ಮರ್ತೇ ಹೋಗಿತ್ತಲ್ಲೇ. ಬಾಯ್ಮುಚ್ಕೊಂಡಿರೋ ಫೋಟೋ ನೋಡೀ ನೋಡೀ ಮರ್ತ್ಬುಟ್ಟಿದ್ದೆ.”

ಸವಿತ ಅಪ್ಪನ ಹೆಗಲಿಗೆ ತಲೆಯಿಟ್ಟಳು. ನಯನ ಕಣ್ಣೊರೆಸಿಕೊಂಡು, ಅನುಮಾನಿಸುತ್ತಾ ಕೇಳಿದಳು. “ಅಂಕಲ್, ಇನ್ನರ್ಧ ಮುಖ ಬೇಕಾದ್ರೆ... ಈಗ ಇದನ್ನ ನೋಡ್ಕೊಂಡು ಎಐ ಕೈಲಿ ಪೂರ್ತಿ ಮಾಡಿಸ್ಬೋದು. ಹಲ್ಲೂ ಹಿಂಗೇ ಬರೋ ಹಂಗೆ ನೋಡ್ಕೊಂತೀನಿ.”

ಕಲ್ಲೇಶಪ್ಪನವರು ಅವಳ ತಲೆ ಸವರಿದರು. “ಬ್ಯಾಡ ಕಣವ್ವ. ಇನ್ನರ್ಧ ನಂಗೊತ್ತೈತೆ.”

ಯಂತ್ರದ ಫೋಟೋವನ್ನು ಅವರೇ ಇಳಿಸಿ, ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟರು. ಎಸೆಯಲಿಲ್ಲ. ಆ ಮೊಳೆಗೆ ಹಿಟ್ಟಿನ ಗೋಪುರದ ಫೋಟೋ ಏರಿತು. ಸವಿತ ಹಾರ ಹಾಕಿದಳು, ಇಡೀ ಕಟ್ಟಿಗಲ್ಲ, ಅವ್ವನಿದ್ದ ಎಡ ಮೂಲೆಗೆ ಮಾತ್ರ ಸಣ್ಣದೊಂದು ಮಲ್ಲಿಗೆಯದು. ನಾನು ಹತ್ತಿರ ಹೋಗಿ ನಿಂತು ನೋಡುತ್ತಲೇ ಇದ್ದೆ. ಆ ಹೊತ್ತಿನ ಬಿಸಿಲು, ಆ ಡಬ್ಬ, ಆ ಮಾತು ಎಲ್ಲ ಬಂದು ಸುತ್ತಿಕೊಂಡವು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ಗೊತ್ತಿಲ್ಲ. ಹಿಂದೆ ಬೆಂಚಿನ ಮೇಲೆ ಕೂತಿದ್ದ ಕಲ್ಲೇಶಪ್ಪನವರು ಕೆಮ್ಮಿದರು.

“ಜಯಣ್ಣ, ವಸಿ ಪಕ್ಕಕ್ ಬನ್ನಿ. ಅವ್ಳು ಕಾಣ್ಲಿ.”

ನಾನು ಪಕ್ಕಕ್ಕೆ ಸರಿದೆ.